ಒನ್ಸ್ ಮೋರ್ ಗಾದ್ರಪ್ಪ

ಸಾವಿರದ ಒಂಬೈನೂರ ಎಪ್ಪತ್ತಾರನೇ ಇಸವಿಯ ಒಂದು ಭಾನುವಾರ ಸಾಯಂಕಾಲ, ಜಗಳೂರಿನ ಮೈದಾನದಲ್ಲಿ, ಸುಮಾರು ಆರುನೂರು ಜನರ ಕಣ್ಣೆದುರು ಗಾದ್ರಪ್ಪನ ಚಡ್ಡಿಯ ಲಾಡಿ ಕಿತ್ತುಹೋಯಿತು.

ಚಡ್ಡಿ ಕೆಳಗಿಳಿಯುವುದಕ್ಕೂ ಮೂಲೆಯಿಂದ ಚೆಂಡು ಹಾರಿಬರುವುದಕ್ಕೂ ಸರಿಹೋಯಿತು. ಗಾದ್ರಪ್ಪ ಚೆಂಡಿನ ಕಡೆ ನೋಡಲಿಲ್ಲ. ಅವನ ಗಮನವೆಲ್ಲ ಪಾದದ ಬಳಿ ಮುದ್ದೆಯಾಗಿ ಬಿದ್ದಿದ್ದ ಮಾನದ ಮೇಲಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದ. ಚೆಂಡು ಅವನ ನೆತ್ತಿಗೆ ಬಡಿಯಿತು. ಪಟ್ಟೆಪಟ್ಟೆ ಒಳಚಡ್ಡಿ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಜಗಳೂರಿನ ಗೋಲ್‌ಕೀಪರ್ ಮೂಕಪ್ಪನ ಪಕ್ಕದಲ್ಲೇ ಹಾದು ಎರಡು ಕಂಬಗಳ ನಡುವೆ ಹೊಕ್ಕಿತು. ಫುಟ್‌ಬಾಲಿನಲ್ಲಿ ಇದಕ್ಕೆ ಹೆಡ್ಡು ಎನ್ನುತ್ತಾರೆ. ಹೊಡೆದವನನ್ನು ಹೆಡ್ಡ ಎನ್ನಬೇಕು ಎಂಬುದು ಚನ್ನಗಿರಿ ತಂಡದ ಕ್ಯಾಪ್ಟನ್ ಜಯದೇವಪ್ಪನ ಅಭಿಪ್ರಾಯವಾಗಿತ್ತು.

ಆದರೆ ಅದು ಅವನೊಬ್ಬನ ಅಭಿಪ್ರಾಯ. ಮಿಕ್ಕ ಆರುನೂರು ಜನ ಎದ್ದು ನಿಂತು ಒಂದೇ ದನಿಯಲ್ಲಿ, "ಒನ್ಸ್ ಮೋರ್" ಎಂದರು.

ಫುಟ್‌ಬಾಲಿಗೂ ಒನ್ಸ್ ಮೋರಿಗೂ ಎತ್ತಣ ನಂಟು ಎಂದು ಕೇಳುವವರಿಗೆ ಸಂಘದ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ.

ಜಯದೇವಪ್ಪ ಚನ್ನಗಿರಿಯ ಬಸ್ ಸ್ಟ್ಯಾಂಡಿನ ಎದುರು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದ. ಎಪ್ಪತ್ನಾಲ್ಕರಲ್ಲಿ ಒಂದು ದಿನ, ಕಲ್ಕತ್ತೆಯ ಕಡೆ ಫುಟ್‌ಬಾಲ್ ಆಡುವವರಿಗೆ ಸಂಬಳ ಕೊಡುತ್ತಾರೆ, ಅವರನ್ನು ವೃತ್ತಿಪರರು ಎನ್ನುತ್ತಾರೆ ಎಂದು ಪೇಪರಿನಲ್ಲಿ ಓದಿದ. ಆ ಪದ ಅವನ ತಲೆಗೆ ಏರಿಬಿಟ್ಟಿತು. ತಿಂಗಳೊಳಗೆ ಇನ್‌ಸ್ಟಿಟ್ಯೂಟಿನ ಬೋರ್ಡಿನ ಕೆಳಗೆ ಇನ್ನೊಂದು ಬೋರ್ಡು ಬಂತು: 'ಚನ್ನಗಿರಿ ವೃತ್ತಿಪರ ಫುಟ್‌ಬಾಲ್ ಸಂಘ. ಸ್ಥಾಪಕರು ಹಾಗೂ ಕ್ಯಾಪ್ಟನ್: ಜಯದೇವಪ್ಪ.' ವೃತ್ತಿಪರರಿಗೆ ಸಂಬಳವೆಂದರೆ ಹೋಗಿಬರುವ ಬಸ್ ಚಾರ್ಜು, ಆಟ ಮುಗಿದ ಮೇಲೆ ಮಂಡಕ್ಕಿ, ಮಿರ್ಚಿ.

ಆದರೆ ಆ ಸೀಮೆಯವರು ಕಂಡಿದ್ದ ವೃತ್ತಿಪರರೆಂದರೆ ನಾಟಕದ ಕಂಪನಿಯವರು ಮಾತ್ರ. ಜನ ಈ ಸಂಘವನ್ನೂ 'ಫುಟ್‌ಬಾಲ್ ಕಂಪನಿ' ಎಂದೇ ಕರೆದರು. ಹೊನ್ನಾಳಿಗೆ ಹೋದರೆ 'ಕಂಪನಿ ಹೊನ್ನಾಳಿಯಲ್ಲಿ ಮೊಕ್ಕಾಂ ಮಾಡೈತೆ' ಎನ್ನುವರು. ಜಟಕಾಗಾಡಿಗೆ ಮೈಕು ಕಟ್ಟಿ, 'ಇಂದೇ ನೋಡಿರಿ, ಮರೆತು ನಿರಾಶರಾಗದಿರಿ' ಎಂದು ಸಾರುವರು. ಹಾಫ್ ಟೈಮಿನಲ್ಲಿ, ಎರಡನೇ ಅಂಕದಲ್ಲಿ ಹಾಸ್ಯ ಇದೆಯೋ ಇಲ್ಲವೋ ಎಂದು ವಿಚಾರಿಸುವರು. ಚೆಂದದ ಹಾಡಿಗೆ ಒನ್ಸ್ ಮೋರ್ ಕೂಗಿ ಅಭ್ಯಾಸವಿದ್ದ ಗಂಟಲುಗಳು ಅವು. ಚೆಂದದ ಗೋಲಿಗೆ ಸುಮ್ಮನಿರುತ್ತವೆಯೇ?

ಜಯದೇವಪ್ಪನ ಅನುಭವದ ಪ್ರಕಾರ, ಸುಮ್ಮನಿರುತ್ತಿದ್ದವು. ಜಗಳೂರಿಗೆ ಹೋಗುವ ಹೊತ್ತಿಗೆ ಅವನು ಹದಿನೇಳು ಗೋಲು ಹೊಡೆದಿದ್ದ. ಎಡಗಾಲಲ್ಲಿ ಹೊಡೆದಿದ್ದ, ಬಲಗಾಲಲ್ಲಿ ಹೊಡೆದಿದ್ದ, ಒಮ್ಮೆ ಜ್ವರದಲ್ಲೂ ಹೊಡೆದಿದ್ದ. ಪ್ರತಿ ಸಲವೂ ಒಂದು ಗಳಿಗೆ ನಿಂತು ಕಿವಿ ನಿಮಿರಿಸುತ್ತಿದ್ದ. ಜನ ಚಪ್ಪಾಳೆ ತಟ್ಟಿ ಬೀಡಿ ಹಚ್ಚುತ್ತಿದ್ದರು. ಒಂದೇ ಒಂದು ಒನ್ಸ್ ಮೋರ್ ಬಿದ್ದರೆ ಸಾಕು, ಸ್ಥಾಪಿಸಿದ್ದು ಸಾರ್ಥಕ ಎಂದುಕೊಂಡಿದ್ದ. ಬಿದ್ದಿದ್ದು ಗಾದ್ರಪ್ಪನಿಗೆ.

ಈ ಗಾದ್ರಪ್ಪ ಕೆರೆಬಿಳಚಿಯವನು. ನಾಟಕದ ಕಂಪನಿಯೊಂದರಲ್ಲಿ ಹತ್ತು ವರ್ಷ ಪರದೆ ಎಳೆದಿದ್ದ. ಆ ಕಂಪನಿ ಚನ್ನಗಿರಿಯಲ್ಲೇ ಕೊನೆಯ ಆಟ ಆಡಿ ಮುಚ್ಚಿದಾಗ ಅರಮನೆಯ ಪರದೆಯನ್ನು ಒಬ್ಬರು, ಕಾಡಿನ ಪರದೆಯನ್ನು ಇನ್ನೊಬ್ಬರು ಒಯ್ದರು. ಬರೀ ನೀಲಿಯ ಆಕಾಶದ ಪರದೆ ಯಾರಿಗೂ ಬೇಡವಾಗಿ ಗಾದ್ರಪ್ಪನ ಪಾಲಿಗೆ ಉಳಿಯಿತು. ಅದನ್ನು ಹೆಗಲ ಮೇಲೆ ಹೊತ್ತು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಬಂದ.

"ಹೊಸಾ ಕಂಪನಿ ಸುರು ಮಾಡೀರಂತೆ. ನನ್ನತ್ರ ಒಂದು ಆಕಾಶ ಐತೆ, ಬೇಕೇನ್ರಿ?"

ಆ ಆಕಾಶದಲ್ಲಿ ಟೈಲರು ಹನ್ನೊಂದು ಚಡ್ಡಿ ಹೊಲಿದ. ಎಲ್ಲಾ ಒಂದೇ ನೀಲಿ. ಜಯದೇವಪ್ಪನ ಸೊಂಟಕ್ಕೆ ಮಾತ್ರ ಒಂದಷ್ಟು ಆಕಾಶ ಹೆಚ್ಚಿಗೆ ಬೇಕಾಯಿತು. ಆಕಾಶ ಕೊಟ್ಟವನಿಗೆ ನೆಲದ ಮೇಲೆ ಒಂದು ಜಾಗ ಕೊಡದಿದ್ದರೆ ಹೇಗೆ? ಕಡ್ಡಿಯಂತಿದ್ದ ಗಾದ್ರಪ್ಪ ಹನ್ನೊಂದನೆಯವನಾದ. ಚೆಂಡು ಬಂದರೆ ಸೌಜನ್ಯದಿಂದ ದಾರಿ ಬಿಡುತ್ತಿದ್ದ. ಬಟ್ಟೆಯ ಗೋಣಿಚೀಲ ಹೊರುವುದು, ಒಗೆಯುವುದು, ಮರುವಾರ ಮಡಚಿ ತರುವುದು ಅವನ ಪಾಲಿನ ವೃತ್ತಿ.

ಇಷ್ಟು ಗೊತ್ತಿದ್ದರೆ ಇನ್ನು ಜಗಳೂರಿಗೆ ವಾಪಸು ಹೋಗಬಹುದು. ಆವತ್ತು ಬಸ್ಸು ತಡವಾಗಿ ಬಂದು, ಎಲ್ಲರೂ ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಗಡಿಬಿಡಿಯಿಂದ ಬಟ್ಟೆ ಬದಲಾಯಿಸಿ ಮೈದಾನಕ್ಕೆ ಓಡಿದ್ದರು. ಜಯದೇವಪ್ಪನಿಗೆ ಚಡ್ಡಿ ಹೊಟ್ಟೆ ಕಚ್ಚುತ್ತಿತ್ತು. ಬೆಳಿಗ್ಗೆ ತಿಂದ ಮಂಡಕ್ಕಿ ಒಳಗೆ ಇನ್ನೊಮ್ಮೆ ಉಬ್ಬಿರಬೇಕು ಎಂದುಕೊಂಡ. ಓಡಲಾರದೆ ಮೂಲೆಗೆ ಹೋಗಿ ಕಾರ್ನರ್ ಕಿಕ್ ತಾನೇ ತೆಗೆದುಕೊಂಡ. ಗಾದ್ರಪ್ಪನ ನೆತ್ತಿಗೆ ಬಡಿದದ್ದು ಆ ಚೆಂಡೇ.

ಒನ್ಸ್ ಮೋರ್ ಕೇಳಿದ ಕೂಡಲೇ ಗಾದ್ರಪ್ಪ ಕಂಪನಿಯ ಮನುಷ್ಯನಾಗಿಬಿಟ್ಟ. ಹತ್ತು ವರ್ಷ ಆ ಕೂಗು ಕೇಳಿ ಪರದೆಯನ್ನು ಮತ್ತೆ ಎತ್ತಿದ್ದವನು, ಈಗ ಚಡ್ಡಿ ಎತ್ತಿ, ಕಿತ್ತ ಲಾಡಿಗೆ ಹೆಂಗೋ ಒಂದು ಗಂಟು ಹಾಕಿ, ಸಭಿಕರಿಗೆ ಕೈಮುಗಿದು, ಚೆಂಡನ್ನು ಕ್ಯಾಪ್ಟನ್ನನ ಕಡೆ ಉರುಳಿಸಿದ.

"ಇನ್ನೊಂದು ಸಲ ಒದೀರಿ ಕ್ಯಾಪ್ಟನ್ರೆ. ಜನ ಕೇಳಾಕೆ ಹತ್ಯಾರೆ."

"ಗೋಲಾತಲ್ಲೋ. ಮತ್ತೇನು ಗೋಳು ನಿಂದು? ಇದೇನು ನಾಟಕ ಅಂತ ತಿಳ್ಕಂಡೀಯಾ?"

ರೆಫರಿಯಾಗಿದ್ದವರು ಜಗಳೂರಿನ ಡ್ರಿಲ್ ಮೇಷ್ಟ್ರು ಪಂಚಾಕ್ಷರಪ್ಪ. ಅವರು ಸೀಟಿಯನ್ನು ಬಾಯಿಂದ ತೆಗೆದು ಸಮಾಧಾನದ ದನಿಯಲ್ಲಿ ಹೇಳಿದರು: "ಒದ್ದುಬಿಡ್ರಿ ಜಯದೇವಪ್ಪಾರೆ. ಜಗಳ ನಮ್ಮೂರ ಹೆಸರಿನಾಗೇ ಐತೆ, ನೀವು ಬ್ಯಾರೆ ತರಬ್ಯಾಡ್ರಿ."

ಜಯದೇವಪ್ಪ ಒದ್ದ. ಸ್ಥಾಪಕನೂ ಹದಿನೇಳು ಗೋಲುಗಳ ಒಡೆಯನೂ ಆದ ಅವನು, ಪರದೆ ಎಳೆಯುವವನ ಒನ್ಸ್ ಮೋರಿಗೆ ಹಾರ್ಮೋನಿಯಂ ಹಿಡಿದವನಂತೆ ಮೂಲೆಯಲ್ಲಿ ನಿಂತು ಒದ್ದ. ಗಾದ್ರಪ್ಪ ಯಾವುದನ್ನೂ ಕಡಿಮೆ ಮಾಡಲಿಲ್ಲ. ಗಂಟು ಬಿಚ್ಚಿ ಚಡ್ಡಿ ಇಳಿಸಿದ, ಬೆಚ್ಚಿದ, ಬಗ್ಗಿದ. ಚೆಂಡು ನೆತ್ತಿಗೇ ಬಂತು. ಮೂಕಪ್ಪನೂ ನಾಟಕ ಕಂಡವನೇ. ಒನ್ಸ್ ಮೋರಿನಲ್ಲಿ ಎದುರು ಪಾತ್ರದವನು ಅಡ್ಡ ಬರಬಾರದೆಂದು ತಿಳಿದು ಮೊದಲಿನಂತೆಯೇ ಹೊಟ್ಟೆ ಹಿಡಿದು ನಿಂತ. ಗೋಲು. ಎರಡು ಸಲ ತೋರಿಸಿದ ಒಂದೇ ಗೋಲು ಎಂದು ಪಂಚಾಕ್ಷರಪ್ಪ ತೀರ್ಪು ಕೊಟ್ಟರು.

ಆ ಸಂಜೆ ಬಸ್ಸಿನಲ್ಲಿ ಎಲ್ಲರೂ ಗಾದ್ರಪ್ಪನ ಸುತ್ತ ಕೂತರು. ಜಯದೇವಪ್ಪ ಡ್ರೈವರನ ಹಿಂದೆ ಒಬ್ಬನೇ ಕೂತು ಒಂದು ಪ್ರಶ್ನೆಯನ್ನು ಬಾಯಲ್ಲಿ ಹೊರಳಿಸುತ್ತ ಬಂದ. ಎರಡನೇ ಸಲ ಅಷ್ಟು ಅಚ್ಚುಕಟ್ಟಾಗಿ ಚಡ್ಡಿ ಇಳಿಸಿದವನು, ಮೊದಲನೇ ಸಲವೂ ಬೇಕೆಂದೇ ಇಳಿಸಿರಬಾರದೇಕೆ? ಆಕಸ್ಮಿಕವಾದರೆ ಪರವಾಗಿಲ್ಲ, ಅದು ಯಾರಿಗಾದರೂ ಆಗಬಹುದಾದದ್ದು. ಬೇಕೆಂದೇ ಮಾಡಿದ್ದರೆ ಅದು ಕಲೆ. ಆ ಕಲೆ ಗಾದ್ರಪ್ಪನಲ್ಲಿದೆ, ತನ್ನಲ್ಲಿಲ್ಲ ಎಂದಾಯಿತು. ಈ ಯೋಚನೆಗೆ ಜಯದೇವಪ್ಪನಿಗೆ ಹತ್ತು ವರ್ಷ ನೆಟ್ಟಗೆ ನಿದ್ದೆ ಹತ್ತಲಿಲ್ಲ.

ಮನೆಗೆ ಬಂದು ಹೆಂಡತಿ ಶಂಕರಮ್ಮನ ಮುಂದೆ ಲಾಡಿಯನ್ನೂ ಲಾಡಿಯವನನ್ನೂ ಬಯ್ದ.

"ಅವರದ್ಯಾಕೆ ಬಿಡ್ರಿ," ಎಂದಳು ಶಂಕರಮ್ಮ, ರೊಟ್ಟಿ ತಟ್ಟುತ್ತ. "ನಿಮ್ಮ ಲಾಡಿನೂ ಎಳೆ ಎಳೆ ಬಿಟ್ಟೈತೆ, ಹೊಸಾದು ಪೋಣಿಸ್ಕಳ್ರಿ ಅಂತ ಹೋದ ವಾರ ನೀವು ಚಡ್ಡೀಲೇ ಮನೆಗೆ ಬಂದಾಗ್ಲೇ ಹೇಳಿದ್ದೆ."

"ನಂದು ಕಬ್ಬಿಣ ಕಣೇ. ಇವತ್ತು ಗಂಟು ಬಿಚ್ಚಾಕೆ ಹಲ್ಲು ಹಾಕಬೇಕಾತು."

ಅಲ್ಲಿಂದ ಗಾದ್ರಪ್ಪನ ಹೆಸರೇ ಬದಲಾಯಿತು. ಜನ ಅವನನ್ನು ಒನ್ಸ್ ಮೋರ್ ಗಾದ್ರಪ್ಪ ಎಂದರು. ಮಂಡಕ್ಕಿ ಭಟ್ಟಿಯಲ್ಲಿ ಕೂಲಿಗಿದ್ದವನು ಆ ಹೆಸರಿನ ಬಲದಿಂದಲೇ ಸ್ವಂತ ಭಟ್ಟಿ ಹಾಕಿದ. ಅಂಗಡಿಗೆ ಬಂದವರು 'ಒನ್ಸ್ ಮೋರ್' ಎಂದು ಚೀಲ ಚಾಚಿದರೆ ಮೇಲೊಂದು ಹಿಡಿ ಹಾಕುತ್ತಿದ್ದ. ಎಪ್ಪತ್ತೆಂಟರಲ್ಲಿ ಕೊಲ್ಲಾಪುರಮ್ಮನನ್ನು ಮದುವೆಯಾದ. ಮರುವರ್ಷ ಆಸ್ಪತ್ರೆಯಲ್ಲಿ ಒಂದು ಹೆಣ್ಣು ಹುಟ್ಟಿ, ಕಾಲು ಗಂಟೆ ಬಿಟ್ಟು ಇನ್ನೊಂದು ಹುಟ್ಟಿತು. ಹೊರಗೆ ಕಾದಿದ್ದ ತಂಡದವರು ಏನು ಕೂಗಿದರೆಂದು ಬೇರೆ ಹೇಳಬೇಕಿಲ್ಲ. ಜಯದೇವಪ್ಪ ಎರಡು ಕುಲಾವಿ ಹಿಡಿದು ಹೋಗಿ ನೋಡಿಬಂದ. ಮಕ್ಕಳು ಮುದ್ದಾಗಿದ್ದವು. ಅವನಿಗೆ ಅದನ್ನೂ ಸಹಿಸಲಾಗಲಿಲ್ಲ.

ಗಾದ್ರಪ್ಪನ ಭಟ್ಟಿಯ ಕಿಚ್ಚು ಬೆಳಿಗ್ಗೆ ಹೊತ್ತಿ ಸಂಜೆಗೆ ಆರುತ್ತಿತ್ತು. ಜಯದೇವಪ್ಪನ ಹೊಟ್ಟೆಯದು ಆರಲಿಲ್ಲ.

ಹೊನ್ನಾಳಿಯಲ್ಲಿ ಅವನೊಂದು ಹೊನ್ನಿನಂಥ ಗೋಲು ಹೊಡೆದ. ಮೂವರನ್ನು ದಾಟಿ, ನಾಲ್ಕನೆಯವನ ಕಾಲ ಸಂದಿಯಿಂದ ಚೆಂಡು ತೂರಿಸಿ, ಗೋಲ್‌ಕೀಪರ್ ಈ ಕಡೆ ಬಿದ್ದರೆ ಆ ಕಡೆ ಒದ್ದ. ಆಮೇಲೆ ಎರಡೂ ಕೈ ಸೊಂಟದ ಮೇಲಿಟ್ಟು ಜನರ ಕಡೆ ತಿರುಗಿ ನಿಂತ. ನಿಂತೇ ಇದ್ದ. ಚಪ್ಪಾಳೆ ಮುಗಿಯಿತು, ಎದುರು ತಂಡದವರು ಮೈದಾನದ ನಡುವೆ ಚೆಂಡಿಟ್ಟು ಕಾದರು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಬೇಸರದಿಂದ ಹೇಳಿದ: "ಮುಂದಿನ ಸೀನು ಬಿಡ್ರಪ್ಪ."

ನ್ಯಾಮತಿಯಲ್ಲಿ ಅವನಿಗೆ ಮತಿಯೇ ಕೆಟ್ಟಿತು. ಇನ್‌ಸ್ಟಿಟ್ಯೂಟಿನ ಎಂಟು ಜನ ವಿದ್ಯಾರ್ಥಿಗಳನ್ನು ಬಸ್ಸು ಹತ್ತಿಸಿಕೊಂಡು ಹೋದ. ಶಾರ್ಟ್‌ಹ್ಯಾಂಡ್ ಕಲಿಯುವವರು ಹೇಳಿದ್ದನ್ನು ಹೇಳಿದ ಹಾಗೇ ಹಿಡಿಯುತ್ತಾರೆ ಎಂಬ ಭರವಸೆಯಿಂದ ಅವರಿಗೆ ಡಿಕ್ಟೇಷನ್ ಕೊಟ್ಟ: "ಚೆಂಡು ಕಂಬದೊಳಗೆ ಹೋಗೋದೇ ತಡ, ಎಂಟೂ ಜನ ಒಟ್ಟಿಗೆ ಒನ್ಸ್ ಮೋರ್ ಅನ್ನಬೇಕು." ಅವರು ಒಂದಕ್ಷರ ತಪ್ಪಲಿಲ್ಲ. ಆಟ ಶುರುವಾಗಿ ಐದನೇ ನಿಮಿಷಕ್ಕೆ ಚೆಂಡು ಕಂಬದೊಳಗೆ ಹೋಯಿತು, ಚನ್ನಗಿರಿಯ ಕಂಬದೊಳಗೆ. ಎಂಟೂ ಜನ ಒಟ್ಟಿಗೆ ಕೂಗಿದರು. ನ್ಯಾಮತಿಯವರು ಸಂತೋಷದಿಂದ ಇನ್ನೊಂದು ಹಾಕಿದರು. ಎಂಟೂ ಜನ ಮತ್ತೆ ಕೂಗಿದರು. ಹಾಫ್ ಟೈಮಿಗೆ ನಾಲ್ಕು ಆಗಿತ್ತು.

"ಕ್ಯಾಪ್ಟನ್ರೆ, ಹುಡುಗರು ಪಾಪ ಬಾಯಿ ಒಣಗಿಸ್ಕಂಡಾವೆ. ಒಂದೀಟು ನೀರು ಕೊಡ್ಲೇನ್ರಿ?" ಎಂದು ಗಾದ್ರಪ್ಪ ಕೇಳಿದ. ಅವನ ಮುಖದಲ್ಲಿ ಕುಹಕದ ಸುಳಿವೇ ಇರಲಿಲ್ಲ. ಜಯದೇವಪ್ಪನಿಗೆ ಹೆಚ್ಚು ಉರಿದದ್ದು ಅದಕ್ಕೇ.

ಎಂಬತ್ತಾರರ ಹೊತ್ತಿಗೆ ಚನ್ನಗಿರಿಗೆ ಟೀವಿ ಬಂದಿತ್ತು. ಜಗತ್ತಿನ ಆಟಗಾರರು ಆಡುವುದನ್ನು ಜನ ಕೂತಲ್ಲೇ ಕಂಡರು. ಟೀವಿಯಲ್ಲಿ ಒಂದೊಂದು ಗೋಲನ್ನೂ ಯಾರೂ ಕೇಳದೆಯೇ ಮೂರು ಮೂರು ಸಲ ತೋರಿಸುತ್ತಿದ್ದರು. ಇನ್ನು ಫುಟ್‌ಬಾಲ್ ಕಂಪನಿಯನ್ನು ಕೇಳುವವರಾರು? ಸಂಘ ಮುಚ್ಚುವುದೆಂದಾಯಿತು. 'ಚನ್ನಗಿರಿಯವರೇ, ಚೆನ್ನಾಗಿರಿ' ಎಂಬ ಬೀಳ್ಕೊಡುಗೆ ಸಮಾರಂಭದಲ್ಲಿ ಸ್ಥಾಪಕರು ಸಂಘದ ಚರಿತ್ರೆ ಓದುವುದೆಂದು ಗೊತ್ತಾಯಿತು.

ಜಯದೇವಪ್ಪ ಹನ್ನೊಂದು ಪುಟ ಟೈಪು ಮಾಡಿದ. ತಾನು ಹೊಡೆದ ಗೋಲುಗಳು, ಅಷ್ಟು ಹೊತ್ತಿಗೆ ನಲವತ್ತೆರಡು, ಊರು ತಾರೀಖಿನ ಸಮೇತ ಬಂದವು. ಜಗಳೂರಿನ ಜಾಗದಲ್ಲಿ ಮಾತ್ರ ಒಂದು ಸಾಲು ಖಾಲಿ ಬಿಟ್ಟ. ಅಲ್ಲಿ 'ಆಕಸ್ಮಿಕ ಗೋಲು' ಎಂದು ಕುಟ್ಟಲು ಬೆರಳು ತುರಿಸುತ್ತಿತ್ತು. ಆದರೆ ತಿಳಿಯದೆ ಕುಟ್ಟಲು ಮನಸ್ಸು ಒಪ್ಪಲಿಲ್ಲ. ಸಮಾರಂಭದ ದಿನ ಬೆಳಿಗ್ಗೆ, ಹತ್ತು ವರ್ಷ ಬಾಯಲ್ಲೇ ಹೊರಳಿಸಿದ ಪ್ರಶ್ನೆಯನ್ನು ಹಿಡಿದುಕೊಂಡು ಭಟ್ಟಿಗೆ ಹೋದ.

ಗಾದ್ರಪ್ಪ ಬಾಣಲೆಯ ಮುಂದೆ ಮಂಡಕ್ಕಿ ಹುರಿಯುತ್ತಿದ್ದ. ಕಾದ ಮರಳಿನಲ್ಲಿ ಅಕ್ಕಿ ಪಟಪಟನೆ ಅರಳುತ್ತಿತ್ತು.

"ಕುಂತ್ಕಳ್ರಿ ಕ್ಯಾಪ್ಟನ್ರೆ. ಇವಳೇ, ಚಾ ಇಡು, ಕ್ಯಾಪ್ಟನ್ರು ಬಂದಾರೆ."

"ಚಾ ಆಮೇಲೆ. ಗಾದ್ರಪ್ಪ, ಒಂದು ಮಾತು ಕೇಳ್ತೀನಿ, ಸುಳ್ಳು ಹೇಳಬಾರದು."

"ಕೇಳ್ರಿ."

"ಜಗಳೂರಾಗೆ ಅವತ್ತು ಮೊದಲನೇ ಸಲ ಲಾಡಿ ಹರೀತಲ್ಲ, ಅದನ್ನ ನೀನೇ ಹರಿದಿದ್ದೋ, ತಾನಾಗೇ ಹರಿದಿದ್ದೋ?"

ಗಾದ್ರಪ್ಪ ಜಾಲರಿಯನ್ನು ಪಕ್ಕಕ್ಕಿಟ್ಟ. ಕೊಲ್ಲಾಪುರಮ್ಮ ಒಳಗಿದ್ದಾಳೆಂದು ಖಾತ್ರಿ ಮಾಡಿಕೊಂಡ. ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಇಷ್ಟು ವರ್ಷ ಯಾರದೋ ಗುಟ್ಟು ಕಾಪಾಡಿದವನ ಹಾಗೆ ದನಿ ತಗ್ಗಿಸಿದ.

"ಅದ್ಯಾಕೆ ಹರೀತು ಅಂತ ನೀವೇ ಹೇಳಬೇಕು ಕ್ಯಾಪ್ಟನ್ರೆ. ಆ ಕತ್ಲು ಕೋಣ್ಯಾಗೆ ಗಡಿಬಿಡೀಲಿ ಅದಲುಬದಲಾಗಿತ್ತು. ನಾನು ಹಾಕ್ಕಂಡಿದ್ದು ನಿಮ್ಮ ಚಡ್ಡಿ."