ಬಾಗು ಮಾಡಪ್ಪಾ ಪ್ರಭುವಾ

ನನ್ನ ಹೆಂಡತಿ ಜನ್ಮದಲ್ಲಿ ಯಾರ ಮುಂದೆಯೂ ಬಗ್ಗಿದವಳಲ್ಲ. ಇದನ್ನು ದೂರೆಂದು ಹೇಳುತ್ತಿಲ್ಲ; ಲೋಕಕ್ಕೆಲ್ಲ ತಿಳಿದ ಸಂಗತಿಯನ್ನು ಇನ್ನೊಮ್ಮೆ ನಮೂದಿಸುತ್ತಿದ್ದೇನೆ ಅಷ್ಟೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಅವಳ ಕೈಯಲ್ಲಿ ಕಲಿತವರು ಇವತ್ತಿಗೂ ಬಸ್ಸಿನಲ್ಲಾಗಲಿ ಚಹಾದಂಗಡಿಯಲ್ಲಾಗಲಿ ಅವಳನ್ನು ಕಂಡರೆ ಮೊದಲು ಬೆನ್ನು ನೆಟ್ಟಗೆ ಮಾಡಿಕೊಂಡು, ಆಮೇಲೆ ನಮಸ್ಕಾರ ಹೇಳುತ್ತಾರೆ. "ನೆಟ್ಟಗ ಕೂಡ್ರು" ಎನ್ನುವುದು ಅವಳ ಪಾಠದ ಮೊದಲ ವಾಕ್ಯ. ನಮ್ಮ ಸಂಸಾರದ ಮೊದಲ ವಾಕ್ಯವೂ ಅದೇ. ಅಂಥವಳನ್ನು ಬಾಗಿಸು ಎಂದು ಒಬ್ಬರು ನಮ್ಮ ಮನೆಗೇ ಬಂದು, ನಮ್ಮ ಕುರ್ಚಿಯಲ್ಲೇ ಕೂತು, ನಮ್ಮ ಚಹಾ ಕುಡಿದು, ದೇವರನ್ನು ಗಟ್ಟಿ ದನಿಯಲ್ಲಿ ಬೇಡಿಕೊಂಡರು.

ಬೆನ್ನುನೋವು ಶುರುವಾದಾಗ ಅವಳು ಮೊದಲು ಹಾಸಿಗೆಯ ಮೇಲೆ, ನಂತರ ಗಂಗಾವತಿಯ ರಸ್ತೆಗಳ ಮೇಲೆ, ಕೊನೆಗೆ ನಾನು ಸ್ಕೂಟರ್ ಓಡಿಸುವ ಶೈಲಿಯ ಮೇಲೆ ಆರೋಪ ಹೊರಿಸಿದಳು. ಕೊಪ್ಪಳದ ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ ನಮ್ಮೆಲ್ಲರನ್ನೂ ನಿರಪರಾಧಿಗಳೆಂದು ಬಿಡುಗಡೆ ಮಾಡಿತು. ಬೆನ್ನುಮೂಳೆಗೆ ಟಿ.ಬಿ. ತಗುಲಿತ್ತು. ಕ್ಷಯವೆಂದರೆ ಎದೆಗೆ ಬರುವ ರೋಗ, ಕೆಮ್ಮಿನ ಸಮೇತ ಬರುವ ರೋಗ ಎಂದು ತಿಳಿದಿದ್ದ ನನಗೆ ಅದು ಇಷ್ಟು ಸದ್ದಿಲ್ಲದೆ ಬೆನ್ನಿಗೆ ಬೀಳುತ್ತದೆಂದು ಗೊತ್ತಿರಲಿಲ್ಲ. ಡಾಕ್ಟರು ಅವಳಿಗೆ ತಿಂಗಳುಗಟ್ಟಲೆ ಮಾತ್ರೆ, ಹಲಗೆಯ ಮೇಲೆ ಅಂಗಾತ ನಿದ್ದೆ, ಎದೆಯಿಂದ ಸೊಂಟದವರೆಗೆ ಬಿಗಿಯುವ ಪಟ್ಟಿ ಎಲ್ಲವನ್ನೂ ವಿಧಿಸಿ, ಕೊನೆಗೆ ಹೇಳಿದರು: "ಮೇಡಂ, ಬಗ್ಗೂ ಹಂಗಿಲ್ಲ ನೋಡ್ರಿ. ಏನ ಬಿದ್ರೂ ಬಗ್ಗೂ ಹಂಗಿಲ್ಲ."

"ನಾ ಯಾವಾಗ ಬಗ್ಗೇನ್ರಿ?" ಎಂದಳು ಇವಳು.

ಡಾಕ್ಟರು ನಕ್ಕರು. ಆಮೇಲೆ ನನ್ನೊಬ್ಬನನ್ನೇ ಹೊರಗೆ ಕರೆದಾಗ ನಗಲಿಲ್ಲ. ಕಾಲಿನ ಶಕ್ತಿ ಇಳಿಯುತ್ತಿದೆ, ಮಾತ್ರೆ ಹಿಡಿದರೆ ಎದ್ದು ನಡೆದಾರು, ಹಿಡಿಯದಿದ್ದರೆ ಆಪರೇಷನ್, ಅದಾದ ಮೇಲೂ ನಡೆದಾರೆಂದು ಮಾತು ಕೊಡಲಾರೆ ಎಂದರು. ನಡೆಯುತ್ತಾಳೋ ಇಲ್ಲವೋ ಎಂಬ ಆ ಪ್ರಶ್ನೆ ನಮ್ಮ ಜೊತೆಗೇ ಬಸ್ಸು ಹತ್ತಿ ಗಂಗಾವತಿಗೆ ಬಂದು, ಮನೆಯಲ್ಲಿ ಮೂರನೆಯ ಸದಸ್ಯನಾಗಿ ನೆಲೆಸಿತು.

ರೋಗಿಯನ್ನು ನೋಡಲು ಬರುವವರ ಬಗ್ಗೆ ಒಂದು ಶಾಸ್ತ್ರಗ್ರಂಥವನ್ನೇ ಬರೆಯಬಹುದು. ಯಲಬುರ್ಗಾದ ನಮ್ಮ ಬೀಗರೊಬ್ಬರು ಇದೇ ರೋಗದಿಂದ ಸತ್ತವರ ಕಥೆಗಳನ್ನು ಊರು, ಓಣಿ ಸಮೇತ ನಿರೂಪಿಸಿ, ಧೈರ್ಯವಾಗಿರಿ ಎಂದು ಹೇಳಿ ಹೋದರು. ಸಭೆಯವರು, ಅಂದರೆ ನಮ್ಮ ಚರ್ಚಿನವರು, ಸೇಬು ತಂದರು. ಬಂದವರೆಲ್ಲ ಸೇಬನ್ನೇ ತಂದರು. ಮನುಷ್ಯಕುಲಕ್ಕೆ ರೋಗ, ಸಾವು ಬಂದದ್ದೇ ಮೊದಲ ಗಂಡ-ಹೆಂಡತಿ ದೇವರ ತೋಟದಲ್ಲಿ ಬೇಡವೆಂದರೂ ತಿಂದ ಆ ಹಣ್ಣಿನಿಂದ ಎಂದು ಪ್ರತಿ ವರ್ಷ ಉಪದೇಶ ಕೇಳುವ ಜನ ರೋಗಿಗೆ ಅದನ್ನೇ ಯಾಕೆ ತರುತ್ತಾರೋ ನನಗೆ ಇನ್ನೂ ತಿಳಿದಿಲ್ಲ. ಪಕ್ಕದ ಮನೆಯ ಆಪಾ ಮಾತ್ರ ಉಪದೇಶವಿಲ್ಲದೆ ಕುರಿಯ ಕಾಲಿನ ಸೂಪು ತಂದಿಟ್ಟು, ತಾವು ದುವಾ ಮಾಡುತ್ತಿರುವುದಾಗಿ ತಿಳಿಸಿ, ಪಾತ್ರೆಯನ್ನು ತೊಳೆಯದೇ ಕೊಡಬೇಕೆಂದು ತಾಕೀತು ಮಾಡಿ ಹೋಗುತ್ತಿದ್ದರು. ನಾನು ತೊಳೆದ ಪಾತ್ರೆಯನ್ನು ಒಮ್ಮೆ ನೋಡಿದ್ದರು.

ಇನ್ನು ನಮ್ಮ ಅಯ್ಯಗಾರು. ನಾವು ತಳಕಲ್ ಕಡೆಯವರು, ಅಜ್ಜನ ಕಾಲದಿಂದ ಕ್ರೈಸ್ತರು. ನಿವೃತ್ತಿಯ ನಂತರ ಗಂಗಾವತಿಯಲ್ಲಿ ನೆಲೆಸಿದಾಗ ಹತ್ತಿರವಿದ್ದದ್ದು ಕಾಲುವೆಯ ಆಚೆ, ಆಂಧ್ರದಿಂದ ಬಂದು ಭತ್ತ ಬೆಳೆಯುವವರ ಕ್ಯಾಂಪಿನಲ್ಲಿದ್ದ ತಗಡಿನ ಚರ್ಚು. ಅಲ್ಲಿ ಹಾಡು, ಉಪದೇಶ, ಜಗಳ ಎಲ್ಲವೂ ತೆಲುಗಿನಲ್ಲಿ. ಅಲ್ಲಿನ ಪಾದ್ರಿಯನ್ನು ಎಲ್ಲರೂ ಅಯ್ಯಗಾರು ಎನ್ನುತ್ತಾರೆ. ಅವರು ನಮ್ಮಿಬ್ಬರ ಸಲುವಾಗಿ ಕನ್ನಡ ಕಲಿತ ಮಹಾನುಭಾವರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಬೋಧಿಸಿದ ನನಗೆ ಆ ಕನ್ನಡ ಕೇಳುವುದೇ ಒಂದು ಉಪವಾಸ ವ್ರತವಾಗಿತ್ತು.

ಅವರು ವಾರಕ್ಕೊಮ್ಮೆ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಚರ್ಚಿನ ಮೈಕು ಆಗಾಗ ಕೈಕೊಡುವುದರಿಂದ ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟಿಸುವ ದನಿ ಅವರದು. ನಮ್ಮ ಮನೆಯಲ್ಲಿ ಕೊನೆಯ ಸಾಲು ಅವರಿಂದ ಒಂದು ಮೊಳ ದೂರದಲ್ಲಿ ಹಲಗೆಯ ಮೇಲೆ ಮಲಗಿತ್ತು. ಮೊದಲ ದಿನ ಕಣ್ಣು ಮುಚ್ಚಿ, ಕೈ ಎತ್ತಿ, "ಪ್ರಭುವಾ, ಈ ಅಮ್ಮನವರನ್ನ ಬಾಗು ಮಾಡಪ್ಪಾ. ಪೂರ್ತಿ ಬಾಗು ಮಾಡಪ್ಪಾ" ಎಂದರು.

ತೆಲುಗಿನಲ್ಲಿ ಬಾಗು ಎಂದರೆ ಚೆನ್ನಾಗಿರುವುದು. ಬಾಗು ಮಾಡುವುದೆಂದರೆ ವಾಸಿ ಮಾಡುವುದು. ಕನ್ನಡದಲ್ಲಿ ಅದರ ಅರ್ಥವೇನೆಂದು ನಿಮಗೆ ಗೊತ್ತು. ನಾನು ಒಂದು ಕಣ್ಣು ತೆರೆದು ನೋಡಿದೆ. ಹೆಂಡತಿಯೂ ಒಂದು ಕಣ್ಣು ತೆರೆದಿದ್ದಳು.

ಅಯ್ಯಗಾರು ಹೋದ ಮೇಲೆ ಅವಳು ಮೇಲಿನ ಫ್ಯಾನನ್ನೇ ನೋಡುತ್ತ ಅಂದಳು: "ರೀ, ಡಾಕ್ಟರು ನೋಡಿದ್ರ ಬಗ್ಗಬ್ಯಾಡ ಅಂತಾರ. ಇವರು ನೋಡಿದ್ರ ದೇವರಿಗೇ ಹೇಳಿ ಬಗ್ಗಸಾಕ ಹತ್ಯಾರ. ನಾ ಯಾರ ಮಾತು ಕೇಳ್ಲಿ?" ಹೇಳುತ್ತ ಹೇಳುತ್ತ ನಕ್ಕಳು. ರೋಗ ಹಿಡಿದ ಮೇಲೆ ಅದೇ ಮೊದಲ ನಗೆ. ನಕ್ಕರೆ ಬೆನ್ನು ನೋಯುತ್ತಿತ್ತು, ನೋವಿಗೆ ಬೈಯುತ್ತಿದ್ದಳು, ಬೈದು ಮತ್ತೆ ನಗುತ್ತಿದ್ದಳು.

ಆದರೆ ವ್ಯಾಕರಣಕ್ಕೆ ಒಂದು ಮರ್ಯಾದೆ ಬೇಡವೇ? ಮುಂದಿನ ವಾರ ನಾನು ಅಯ್ಯಗಾರರನ್ನು ಬಾಗಿಲಲ್ಲೇ ತಡೆದು, ಕನ್ನಡದಲ್ಲಿ ಗುಣ ಎನ್ನಬೇಕೆಂದು ವಿನಯದಿಂದ ತಿದ್ದಿದೆ. ಅವರು ಬಹಳ ಸಂತೋಷಪಟ್ಟರು. ಆ ಪದವನ್ನು ನಾಲಿಗೆಯ ಮೇಲೆ ಪೆಪ್ಪರಮೆಂಟಿನಂತೆ ಚೀಪುತ್ತ ಒಳಗೆ ಹೋದರು. ನಂತರ ಓಣಿಯ ಆ ತುದಿಗೂ ಕೇಳುವಂತೆ ಪ್ರಾರ್ಥಿಸಿದರು: "ಪ್ರಭುವಾ, ಈ ಅಮ್ಮನವರಿಗೆ ಒಳ್ಳೆ ಗುಣ ಕೊಡಪ್ಪಾ."

ನಾನು ತಲೆ ತಗ್ಗಿಸಿಯೇ ಇದ್ದೆ. ಈ ಬೇಡಿಕೆ ನ್ಯಾಯವಾದದ್ದೇ ಎಂದು ನನಗೆ ಒಂದು ಕ್ಷಣ ಅನ್ನಿಸಿದ್ದುಂಟು.

"ನನ್ನ ಗುಣಕ್ಕ ಏನಾಗೈತ್ರಿ?" ಎಂದು ಅವಳು ಆ ದಿನವೆಲ್ಲ ಕೇಳಿದಳು. ಸೂಪು ತಂದ ಆಪಾರಿಗೂ ದೂರು ಹೋಯಿತು. ಆಪಾ ಗಲ್ಲಕ್ಕೆ ಕೈಯಿಟ್ಟುಕೊಂಡು, ಟೀಚರಮ್ಮನ ಗುಣ ಓಣಿಗೆಲ್ಲ ಗೊತ್ತಿರುವಾಗ ದೇವರಿಗೆ ತಕಲೀಫ್ ಕೊಡುವುದು ಯಾಕೆ ಎಂದರು. ಅದು ಹೊಗಳಿಕೆಯೋ ತೆಗಳಿಕೆಯೋ ಎಂದು ನಾವಿಬ್ಬರೂ ಸಂಜೆಯವರೆಗೆ ಚರ್ಚಿಸಿದೆವು. ಕೊನೆಗೆ ಹಲಗೆಯ ಮೇಲಿಂದ ಆಜ್ಞೆ ಹೊರಟಿತು: "ಮಾಸ್ತರಕಿ ಮಾಡಬ್ಯಾಡ್ರಿ. ಮೊದಲಿನಂಗ ಬಾಗು ಅನ್ಲಿ ಬಿಡ್ರಿ, ಅದ ಛಲೋ ಇತ್ತು." ಅಯ್ಯಗಾರು ಬಾಗುವಿಗೇ ಮರಳಿದರು.

ಹೀಗೆ ನಗುತ್ತ ಇರುವಾಗಲೇ ಒಂದು ಬೆಳಿಗ್ಗೆ ಅವಳ ಎಡಗಾಲಿನ ಬೆರಳು ಮುಟ್ಟಿದೆ. ನೀರು ತರಲು ಹೇಳುವಷ್ಟೇ ಸಹಜವಾಗಿ, "ಯಾವ ಬೆರಳು ಮುಟ್ಟೀರಿ, ಗೊತ್ತಾಗವಲ್ದು" ಎಂದಳು. ಕಾರು ಮಾಡಿಕೊಂಡು ಕೊಪ್ಪಳಕ್ಕೆ ಒಯ್ದೆ. ಅವಳನ್ನು ಮತ್ತೆ ಆ ಯಂತ್ರದೊಳಗೆ ತಳ್ಳಿದರು. ನಾನು ಹೊರಗೆ ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಕೂತೆ.

ಚರ್ಚಿನಲ್ಲಿ ಸೊಗಸಾಗಿ ಪ್ರಾರ್ಥನೆ ಮಾಡುವವನೆಂದು ಊರೂರಲ್ಲೂ ನನಗೆ ಹೆಸರಿತ್ತು. ನನ್ನ ಪ್ರಾರ್ಥನೆಯಲ್ಲಿ ಒಂದು ವಿಭಕ್ತಿ ಆಚೀಚೆ ಆದದ್ದಿಲ್ಲ. ಅಂದು ಕಣ್ಣು ಮುಚ್ಚಿ, ಕರುಣಾನಿಧಿಯೂ ಕೃಪಾಪೂರ್ಣನೂ ಸರ್ವಶಕ್ತನೂ ಆದ ಎಂದು ಶುರು ಮಾಡಿದೆ. ವಿಶೇಷಣಗಳು ಒಂದರ ಹಿಂದೊಂದು ಬಂದು ಸಾಲಾಗಿ ನಿಂತವು, ಕ್ರಿಯಾಪದ ಬರಲಿಲ್ಲ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆಂದು ಮಕ್ಕಳಿಗೆ ಕಲಿಸಿದವನು ನಾನೇ. ಬರದೇ ಇದ್ದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ. ಏನು ಕೇಳಲಿ? ನಡೆಯಲಿ ಎಂದು ಕೇಳಲು ಹೆದರಿಕೆ, ಆಗದಿದ್ದರೆ? ನಿನ್ನ ಚಿತ್ತ ಎನ್ನಲು ಇನ್ನೂ ಹೆದರಿಕೆ, ಅವನು ಒಪ್ಪಿಬಿಟ್ಟರೆ?

ಕೊನೆಗೆ ಬಾಯಿಂದ ತಾನಾಗಿಯೇ ಹೊರಟದ್ದು ಅಯ್ಯಗಾರರ ಮಾತು. ಬಾಗು ಮಾಡಪ್ಪಾ. ಪೂರ್ತಿ ಬಾಗು ಮಾಡಪ್ಪಾ. ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದ ಹುಲಿಹೈದರ ಊರಿನ ಮುದುಕರೊಬ್ಬರು ನನ್ನನ್ನು ಒಮ್ಮೆ ನೋಡಿ, ಅರ್ಧ ರೊಟ್ಟಿ ನನ್ನ ಕೈಗಿಟ್ಟರು. ಅದನ್ನು ತಿನ್ನುತ್ತ ಯೋಚಿಸಿದೆ: ಅಯ್ಯಗಾರರ ಕನ್ನಡ, ಆಪಾರ ದುವಾ, ನನ್ನ ಅರ್ಧಕ್ಕೆ ನಿಂತ ವಾಕ್ಯ ಎಲ್ಲವನ್ನೂ ಕೇಳಿಸಿಕೊಳ್ಳುವವನಿಗೆ ವ್ಯಾಕರಣದ ಮಾಸ್ತರನ ಅಗತ್ಯ ಬಿದ್ದಿರಲಾರದು. ಅವನು ತಪ್ಪು ತಿದ್ದುತ್ತ ಕೂತವನಲ್ಲ, ಕೇಳುತ್ತ ಕೂತವನು. ಒಳಗೆ ಯಂತ್ರ ಇನ್ನೂ ಗರಗರ ಅನ್ನುತ್ತಿತ್ತು, ಏನೂ ನಿರ್ಧಾರವಾಗಿರಲಿಲ್ಲ. ಆದರೂ ರೊಟ್ಟಿಯ ಕೊನೆಯ ತುಣುಕನ್ನೂ ಬಿಡದೆ ತಿಂದು, ಯಾರನ್ನು ಕರೆತಂದಿದ್ದೀರಿ ಎಂದು ಮುದುಕರನ್ನು ಕೇಳಿದೆ.

ಡಾಕ್ಟರು ಆಪರೇಷನ್ ಸದ್ಯಕ್ಕೆ ಬೇಡವೆಂದರು, ಮಾತ್ರೆ ಬದಲಿಸಿದರು, ಕಾಯೋಣವೆಂದರು. ಪವಾಡ ಎಂದು ಸಾರುವ ಆಸೆ ನನಗಿಲ್ಲ. ಸಾರಿದರೆ ಆ ದಪ್ಪ ಮಾತ್ರೆಗಳು ತಮ್ಮ ಪಾಲಿನ ಕೀರ್ತಿ ಕೇಳಿಯಾವು. ಬೆರಳಿಗೆ ಮೊದಲು ತುರಿಕೆ ಬಂತು, ಆಮೇಲೆ ಸ್ಪರ್ಶ ಬಂತು. ಚಳಿಗಾಲ ಕಳೆಯುವಷ್ಟರಲ್ಲಿ ವಾಕರ್ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನನ್ನ ಸಾಂಬಾರಿನ ಬಗ್ಗೆ ಅಭಿಪ್ರಾಯ ತಿಳಿಸುವಷ್ಟು ಶಕ್ತಿ ಬಂತು. ಕೊನೆಗೊಂದು ದಿನ ಡಾಕ್ಟರು ಪಟ್ಟಿ ತೆಗೆಸಿ, ಇನ್ನು ಮೇಲೆ ಮೆಲ್ಲಗೆ ಬಗ್ಗಿ ಅಭ್ಯಾಸ ಮಾಡಬಹುದೆಂದರು. ಅವಳು ಬಗ್ಗಲಿಲ್ಲ. ಹೆದರಿದ್ದಳು, ಹೆದರಿಕೆಯನ್ನು ಅವಳು ಬಿಗುಮಾನದ ಹಾಗೆ ತೊಡುತ್ತಾಳೆ.

ಒಂದು ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಡಲು ನಾನು ಸ್ಕೂಟರ್ ಒರೆಸುತ್ತಿದ್ದೆ. ಒಳಗಿಂದ ಕೂಗಿದಳು. ಓಡಿದೆ. ಹಲಗೆ ಇದ್ದ ಜಾಗದಲ್ಲಿ ನಿಂತು ಮೂಲೆಯ ಕಡೆ ಬೆರಳು ತೋರಿಸುತ್ತಿದ್ದಳು.

"ಇಷ್ಟು ದಿನ ಹಿಂಗೇನ್ರಿ ಕಸಾ ಹೊಡದದ್ದು?"

ಮೂಲೆಯಲ್ಲಿ, ನನ್ನ ಕಸಬರಿಗೆಯ ಕಣ್ಣು ತಪ್ಪಿಸಿಕೊಂಡು, ಒಣಗಿ ಕುಗ್ಗಿದ ಒಂದು ಸೇಬು ಇತ್ತು. ನಾನು ಎತ್ತಲು ಹೋದೆ. "ಸರೀರಿ ಅತ್ಲಾಗ" ಎಂದು ನನ್ನನ್ನು ಬದಿಗೆ ಸರಿಸಿ, ಒಂದು ಕೈ ಗೋಡೆಗೆ ಊರಿ, ಮೊಣಕಾಲು ಮಡಿಚಿ, ಬಗ್ಗಿದಳು. ಸೇಬು ಎತ್ತಿಕೊಂಡು ನೆಟ್ಟಗೆ ನಿಂತಳು. ತಾನೇನು ಮಾಡಿದೆ ಎಂದು ಆಮೇಲೆ ಅವಳಿಗೆ ಹೊಳೆಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ತಡವಾಯಿತೆಂದು ನನಗೇ ಬೈದಳು.

ಚರ್ಚಿನ ಬಾಗಿಲಲ್ಲಿ ಅಯ್ಯಗಾರು ಎರಡೂ ಕೈ ಚಾಚಿ ಬಂದು ನನ್ನನ್ನು ಕೇಳಿದರು: "ಏನ್ರಿ ಮಾಸ್ಟರುಗಾರು, ಅಮ್ಮನವರು ಬಾಗ್ಯಾರಾ?"

ನಾನು ಹೆಂಡತಿಯ ಕಡೆ ನೋಡಿದೆ. ಅವಳು ನೆಟ್ಟಗೆ ನಿಂತು ತಗಡಿನ ಚಾವಣಿ ನೋಡುತ್ತಿದ್ದಳು.

"ಬಾಗ್ಯಾರ್ರಿ ಅಯ್ಯಗಾರೆ" ಎಂದೆ. ತಿದ್ದಬೇಕಾದದ್ದು ಏನೂ ಇರಲಿಲ್ಲ.