ಜಾವಳಕ್ಕೆ ತಂದ ರಬ್ಬರ್ ಮ್ಯಾಟ್

ಕ್ಷೌರಿಕ ಕತ್ತಿ ಮಸೆದು ಮುಗಿಸಿದ್ದ. ಅಕ್ಕ ಮಗನನ್ನು ಎತ್ತಿಕೊಂಡು ಬಂದು ನನ್ನ ಮುಂದೆ ನಿಂತಳು. ನಾನು ಹಾಗೇ ಮಣೆಯ ಮೇಲೆ ಕೂಡಲಿಲ್ಲ. ಮಣೆ ಎತ್ತಿ, ಚೀಲದಿಂದ ಕಪ್ಪು ರಬ್ಬರ್ ಮ್ಯಾಟ್ ತೆಗೆದು ಹಾಸಿ, ಅದರ ಮೇಲೆ ಮಣೆ ಇಟ್ಟು ಕುಳಿತೆ.

"ಏನಪಾ, ಜಾವಳಾ ಮಾಡಸಾಕ ಬಂದೀಯೋ, ಪ್ಯಾನಲ್ ಬೋರ್ಡ್ ರಿಪೇರಿ ಮಾಡಾಕ ಬಂದೀಯೋ?" ಎಂದ ಭಾವ.

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ಪುಣೆಯ ಹತ್ತಿರದ ದೇಹೂ ರೋಡ್‌ನಲ್ಲಿ ಭಾವನ ಕ್ವಾರ್ಟರ್ಸ್ ಅದು. ಆತ ಮಿಲಿಟರಿ ಡಿಪೋದಲ್ಲಿ ಕ್ಲಾರ್ಕ್. ಮಗುವಿನ ಮೊದಲ ಕೂದಲು ತೆಗೆಸುವಾಗ ಸೋದರಮಾವನ ತೊಡೆಯ ಮೇಲೆಯೇ ಕೂರಿಸಬೇಕು. ನಮ್ಮ ಧಾರವಾಡದ ಕಡೆಯ ಪದ್ಧತಿ. ಅಕ್ಕನಿಗೆ ತಮ್ಮ ಅಂತ ಇರುವವನು ನಾನೊಬ್ಬನೇ. ಎರಡು ಸಲ ಕೆಲಸದ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಎರಡು ಸಲವೂ ಅವಳು ದಿನ ಮುಂದೆ ಹಾಕಿದಳು. ಮೂರನೆಯ ಸಲ ನೆಪ ಸಿಗಲಿಲ್ಲ.

ನಾನು ವೈರ್‌ಮನ್. ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಅಕ್ಕನ ಮಗ ಹುಟ್ಟುವ ಮೊದಲು, ಕುರಕುಂಭದ ಒಂದು ಕಾರ್ಖಾನೆಯಲ್ಲಿ ಕೇಬಲ್ ಎಳೆಯುತ್ತಿದ್ದಾಗ ಬಿದ್ದೆ. ಕರೆಂಟ್ ಹೊಡೆದದ್ದಲ್ಲ. ಎದೆಯ ಬಡಿತವೇ ಹಾದಿ ತಪ್ಪಿತ್ತು. ಪುಣೆಯ ಆಸ್ಪತ್ರೆಯಲ್ಲಿ ಎಡ ಹೆಗಲ ಕೆಳಗೆ, ಚರ್ಮದ ಒಳಗೆ, ಒಂದು ಡಬ್ಬಿ ಇಟ್ಟರು. ಬಡಿತ ಕೆಟ್ಟರೆ ಅದೇ ಶಾಕ್ ಕೊಟ್ಟು ಸರಿ ಮಾಡುತ್ತದೆ.

ಒಂದು ಸಲ ಕೊಟ್ಟಿತು. ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಎದೆಯ ಒಳಗಿನಿಂದ ಕತ್ತೆ ಒದ್ದ ಹಾಗಾಯಿತು. ತಂಬಿಗೆ ಹೋಗಿ ಗೋಡೆಗೆ ಬಡಿಯಿತು.

ಆಮೇಲೆ ಬಚ್ಚಲಿಗೆ ಹೋಗುವುದು ಬಿಟ್ಟೆ. ಹಿತ್ತಲಲ್ಲಿ ಬಕೆಟ್ ಇಟ್ಟುಕೊಂಡು ಸ್ನಾನ. ಒಂದು ಕಡೆ ಕೂಡಲು ಆಗುತ್ತಿರಲಿಲ್ಲ. ಬಸ್ಸು ಹತ್ತಿದರೆ ಎರಡನೆಯ ಸ್ಟಾಪಿಗೇ ಇಳಿದು, ಉಳಿದ ದಾರಿ ನಡೆಯುತ್ತಿದ್ದೆ. ನಡೆದರೆ ಬಡಿತ ಏರುತ್ತದೆಂದು ನಿಲ್ಲುತ್ತಿದ್ದೆ. ನಿಂತರೆ ಬೀಳುತ್ತೇನೆಂದು ಮತ್ತೆ ನಡೆಯುತ್ತಿದ್ದೆ. ಶಾಕ್ ಮತ್ತೆ ಮತ್ತೆ ಬಂತು. ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರು ಬೆಳಗಾವಿಯವರು. ಎದೆಯ ಮೇಲೆ ಮಷೀನ್ ಇಟ್ಟು ಡಬ್ಬಿಯಲ್ಲಿ ಏನು ದಾಖಲಾಗಿದೆ ಎಂದು ನೋಡಿದರು.

"ಬಚ್ಚಲದಾಗಿಂದು ಒಂದು ಅದ. ಆಮ್ಯಾಲೆ ಏನೂ ಇಲ್ಲ."

"ನಾಕು ಸಲ ಬಂದದ್ರಿ."

"ನಿನಗ ಬಂದದ. ಡಬ್ಬಿ ಕೊಟ್ಟಿಲ್ಲ. ಒಂದ್ಸಲ ಅಂಜಿದವರಿಗೆ ಹಿಂಗ ಆಗತದ."

"ಅಂದ್ರ ನನಗ ಹುಚ್ಚಂತೀರೇನ್ರಿ?" ಎಂದು ಎದ್ದು ಬಂದುಬಿಟ್ಟೆ.

ಕೇಳಬೇಕಾದದ್ದು ಬಾಯಲ್ಲೇ ಉಳಿಯಿತು. ನನ್ನನ್ನು ಮುಟ್ಟಿದವರಿಗೂ ಶಾಕ್ ಹೊಡೆಯುತ್ತದೆಯೇ? ಕೆಲಸಕ್ಕೆ ಸೇರಿದ ದಿನ ನನಗೆ ಮೊದಲು ಕಲಿಸಿದ್ದೇ ಅದು: ಕರೆಂಟ್ ಹಿಡಿದವನನ್ನು ಬರಿಗೈಯಲ್ಲಿ ಮುಟ್ಟಬಾರದು, ಕಾಲ ಕೆಳಗೆ ರಬ್ಬರ್ ಇರಬೇಕು. ಅಕ್ಕನ ಮಗನಿಗೆ ಹನ್ನೊಂದು ತಿಂಗಳಾಗಿತ್ತು. ನಾನು ಒಂದು ಸಲವೂ ಎತ್ತಿಕೊಂಡಿರಲಿಲ್ಲ.

ಅಕ್ಕ ಮ್ಯಾಟ್ ನೋಡಿದಳು. ನನ್ನ ಎದೆ ನೋಡಿದಳು.

"ಇದಕ್ಕೇನು ನೀ ಇವನ್ನ ಮುಟ್ಟದ ಇದ್ದಿದ್ದು?"

"ಹೂಂ."

"ನನ್ನ ಮಗನ್ನ ಕಂಡ್ರ ನಿನಗ ಆಗೂದಿಲ್ಲ ಅಂತ ತಿಳಕೊಂಡಿದ್ನಲ್ಲೋ! ಖೋಡಿ, ಬಾಯಿ ಬಿಟ್ಟು ಹೇಳಾಕ ಏನಾಗಿತ್ತು?"

"ಇವನಿಗೆ ಬಡದ್ರ?"

ಅವಳು ಮ್ಯಾಟ್ ಬಿಟ್ಟು, ಪಕ್ಕದ ಬರಿ ನೆಲದ ಮೇಲೆ ಕುಳಿತಳು. ನನ್ನ ಅಂಗಿಯ ಗುಂಡಿ ಬಿಚ್ಚಿ ಡಬ್ಬಿಯ ಮೇಲೆ ಅಂಗೈ ಒತ್ತಿದಳು.

"ಬಡೀಲಿ. ಮೊದಲ ನನಗ ಬಡೀಲಿ," ಎಂದು ಇನ್ನೊಂದು ಕೈಯಿಂದ ಮಗನನ್ನು ನನ್ನ ತೊಡೆಯ ಮೇಲೆ ಹಾಕಿದಳು.

ಹುಡುಗ ಭಾಳ ಭಾರ ಇದ್ದ. ತಲೆಗೆ ನೀರು ಬಿದ್ದ ಕೂಡಲೇ ಕಿರುಚಿದ. ಎರಡೂ ಕೈಯಿಂದ ಬಿಗಿಯಾಗಿ ಹಿಡಿದೆ.

"ಮಾಮಾ, ಹಲೂ ನಕಾ!" ಅಲುಗಾಡಬೇಡಿ ಎಂದು ಕ್ಷೌರಿಕ ಮರಾಠಿಯಲ್ಲಿ ಗದರಿದ. ಕತ್ತಿ ಮಗುವಿನ ಕಿವಿಯ ಹಿಂದೆ ಬಂದಿತ್ತು.

ಆಗ ಬಂತು. ಅದೇ ಒದೆತ. ನಾನು ಹಾರಿದರೆ ಕತ್ತಿ ತಲೆಗೆ ಇಳಿಯುತ್ತದೆ. ಹಲ್ಲು ಕಚ್ಚಿದೆ. ಹಾರಲಿಲ್ಲ.

ಕತ್ತಿ ಆಚೆ ಹೋದ ಮೇಲೆ, "ಬಂತು," ಎಂದೆ.

"ನನಗ ಬರ್ಲಿಲ್ಲ," ಎಂದಳು ಅಕ್ಕ. ಅವಳ ಅಂಗೈ ಇಟ್ಟಲ್ಲೇ ಇತ್ತು. ಮಗು ಮೊದಲಿನ ಹಾಗೆಯೇ ಅಳುತ್ತಿತ್ತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಮರುವಾರ ಡಾಕ್ಟರ ಹತ್ತಿರ ಹೋದೆ. ಮಷೀನಿನಲ್ಲಿ ಆ ದಿನದ್ದು ಏನೂ ಇರಲಿಲ್ಲ. ಈ ಸಲ ಎದ್ದು ಬರಲಿಲ್ಲ. ಕೇಳಬೇಕಾದದ್ದನ್ನು ಕೇಳಿದೆ. ನಿಜವಾದ ಶಾಕ್ ಬಂದರೂ ಮುಟ್ಟಿದವರಿಗೆ ಅಪಾಯವಿಲ್ಲ ಎಂದರು. ಅಂಜಿಕೆಗೆ ಬೇರೆ ಡಾಕ್ಟರ ಹತ್ತಿರ ಕಳಿಸಿದರು. ಹೋಗುತ್ತಿದ್ದೇನೆ.

ಮಷೀನಿಗೆ ಸಿಗದ ಶಾಕ್ ಈಗಲೂ ಬರುತ್ತದೆ. ಬಚ್ಚಲಿಗೆ ಇನ್ನೂ ಹೋಗುವುದಿಲ್ಲ. ಆದರೆ ಅದು ಬಂದಾಗ ಹುಡುಗ ಹೆಗಲ ಮೇಲಿದ್ದರೆ ಇಳಿಸುವುದಿಲ್ಲ. ಇಷ್ಟೇ.