ಹೊಂಗೆ ಮರ ಕಡಿದು ಉಳಿಸಿಕೊಂಡ ಮಾತು

ಭೂಮಿಯ ಬಿಸಿ ಒಂದೂವರೆ ಡಿಗ್ರಿಗಿಂತ ಹೆಚ್ಚು ಏರದಂತೆ ತಡೆಯಲು ದೇಶದೇಶಗಳೆಲ್ಲ ಮಾತು ಕೊಟ್ಟಿವೆ ಎನ್ನುವುದು ನನಗೆ ಗೊತ್ತಾಗಿದ್ದು ನಮ್ಮ ಸೂಪರ್‌ವೈಸರ್ ಬಾಯಿಂದ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನನಗೆ ಪ್ಯಾಕಿಂಗ್ ಕೆಲಸ. ನಾವು ಮಾಡುವ ಪಂಪಿನ ಬಿಡಿಭಾಗಗಳನ್ನು ಕೊಳ್ಳುವುದು ಹೊರದೇಶದ ದೊಡ್ಡ ಕಂಪನಿ. ಮೊದಲು ಅವರ ದೇಶ ಮಾತು ಕೊಟ್ಟಿತಂತೆ, ಆಮೇಲೆ ಆ ಕಂಪನಿ ಕೊಟ್ಟಿತಂತೆ, ಕೊನೆಗೆ ನಮ್ಮ ಓನರ್ ವಿಡಿಯೋ ಕಾಲ್‌ನಲ್ಲಿ ಕೂತು ಹೂಂ ಅಂದರಂತೆ. ದೊಡ್ಡವರ ಕೈಯಿಂದ ಕೈಗೆ ಇಳಿದು ಬಂದ ಆ ಮಾತು ನಮ್ಮ ಎರಡು ಹೊಂಗೆ ಮರಗಳ ಮೇಲೆ ಬಿತ್ತು.

ಹೊಗೆ ಕಡಿಮೆ ಮಾಡಲು ಕಾರ್ಖಾನೆಗೆ ಸೋಲಾರ್ ಹಾಕಿಸಿದರು. ನಮ್ಮ ಶೆಡ್ಡಿನ ಹಳೇ ಶೀಟು ಭಾರ ತಾಳುವುದಿಲ್ಲ ಎಂದು ಪಕ್ಕದ ಆಫೀಸ್ ಕಟ್ಟಡದ ತಾರಸಿಯ ಮೇಲೆ ಪ್ಯಾನೆಲ್‌ಗಳನ್ನು ಕೂರಿಸಿದರು. ಎರಡರ ನಡುವೆ ಹೊಂಗೆ ಮರಗಳಿದ್ದವು. ನೆರಳು ಪ್ಯಾನೆಲ್ ಮೇಲೆ ಬೀಳುತ್ತದೆ, ಕರೆಂಟ್ ಕಡಿಮೆ ಬರುತ್ತದೆ ಎಂದು ಒಂದು ಭಾನುವಾರ ಎರಡನ್ನೂ ಉರುಳಿಸಿದರು. ಸೋಮವಾರ ನಾವು ಬಂದಾಗ ಬುಡಕ್ಕೆ ಸಿಮೆಂಟ್ ಕೂಡ ಬಳಿದಾಗಿತ್ತು. ಇಂಥ ಕೆಲಸಕ್ಕೆ ಮಾತ್ರ ನಮ್ಮಲ್ಲಿ ಎಂದೂ ತಡವಾಗುವುದಿಲ್ಲ.

"ಮರ ಕಡಿದು ಪರಿಸರ ಉಳಿಸೋದು ಹೇಗೆ ಸಾರ್?" ಎಂದು ನಾನು ಸೂಪರ್‌ವೈಸರ್‌ನನ್ನು ಕೇಳಿದೆ.

"ನನ್ನನ್ ಯಾಕೆ ಕೇಳ್ತೀರ ಮೇಡಂ? ದೇಶಗಳೇ ಮಾತು ಕೊಟ್ಬಿಟ್ಟಿವೆ," ಎಂದು ಅವನು ನಕ್ಕುಬಿಟ್ಟ. ಅವನ ಮೇಲೆ ನನಗೆ ಸಿಟ್ಟೇನೂ ಬರಲಿಲ್ಲ. ಅವನೂ ಹೇಳಿಸಿಕೊಂಡವನೇ.

ನೆರಳು ಹೋದ ಮೇಲೆ ಶೆಡ್ಡು ಕಾದ ಹೆಂಚಾಯಿತು. ನಮಗೆಲ್ಲ ಕಷ್ಟವೇ, ಆದರೆ ನನ್ನ ಎದುರು ಟೇಬಲ್ಲಿನ ಅಕ್ಕನಿಗೆ ಅದು ಜೀವದ ಪ್ರಶ್ನೆ. ಆಕೆ ಈ ಕಡೆಯ ಹಳ್ಳಿಯವರೇ. ಕಾರ್ಖಾನೆ ಎದ್ದಿರುವುದು ಅವರ ಮಾವನ ರಾಗಿ ಹೊಲದಲ್ಲಿ, ಹೊಂಗೆ ಇದ್ದದ್ದು ಅದರ ಬದುವಿನಲ್ಲಿ. ಅಕ್ಕ ಅದನ್ನು ಹೇಳಿಕೊಂಡು ಅಳುವವರಲ್ಲ. ಅವರಿಗಿದ್ದ ಚಿಂತೆ ಬೇರೆ. ಗಂಡನಿಗೆ ಕಿಡ್ನಿ ಹೋಗಿತ್ತು, ವಾರವಾರ ಡಯಾಲಿಸಿಸ್. ಅದು ನಡೆಯುತ್ತಿದ್ದದ್ದು ಅಕ್ಕನ ವಿಮೆ ಕಾರ್ಡಿನಲ್ಲಿ. ಕೆಲಸ ಹೋದರೆ ಕಾರ್ಡೂ ಹೋಗುತ್ತದೆ. ಬಿ.ಪಿ. ಇದ್ದ ಅಕ್ಕ ಒದ್ದೆ ಟವೆಲ್ ತಲೆಗೆ ಕಟ್ಟಿಕೊಂಡು ಪೆಟ್ಟಿಗೆಗಳಿಗೆ ಟೇಪ್ ಹಚ್ಚುತ್ತಿದ್ದರು. ಎರಡು ಸಲ ಕಣ್ಣು ಕತ್ತಲೆ ಬಂದು ಕುಸಿದರು. ಎರಡನೇ ಸಲ ಆಫೀಸಿನಿಂದ ಬಂದ ಹುಡುಗಿ ಮೆತ್ತಗೆ, "ಆಗಲ್ಲ ಅಂದ್ರೆ ಮನೇಲಿ ರೆಸ್ಟ್ ತಗೊಳ್ಳಿ ಆಂಟಿ, ಇನ್ನೊಂದ್ಸಲ ಹಿಂಗಾದ್ರೆ ನಾವೂ ಏನೂ ಮಾಡಕ್ಕಾಗಲ್ಲ," ಎಂದು ಹೇಳಿ ಹೋದಳು.

ಶೆಡ್ಡಿಗೆ ಇನ್ನೆರಡು ಫ್ಯಾನ್ ಹಾಕಿಸಿ ಎಂದು ನಾವು ಬೇಡಿಕೊಂಡೆವು. ಕರೆಂಟ್ ಬಳಕೆ ಏರಿದರೆ ಕೊಟ್ಟ ಮಾತು ತಪ್ಪುತ್ತದೆ, ವಿದೇಶದವರು ಬಂದು ಹೋಗಲಿ, ನೋಡೋಣ ಎಂದರು. ಆಫೀಸಿನ ಎ.ಸಿ. ಮಾತ್ರ ಜುಮ್ಮೆಂದು ಓಡುತ್ತಿತ್ತು, ಅದು ಬಿಸಿಲಿನ ಕರೆಂಟಂತೆ.

ಮೇ ತಿಂಗಳಲ್ಲಿ ವಿದೇಶದವರು ಬಂದರು. ನಮ್ಮ ಕಡೆ ಯಾವ ಕಾರ್ಯಕ್ರಮವಾದರೂ ಪ್ರತಿಜ್ಞೆ ಇಲ್ಲದೆ ಆಗುವುದಿಲ್ಲ. ಸುರಕ್ಷತೆಗೆ ಒಂದು, ಸ್ವಚ್ಛತೆಗೆ ಒಂದು, ಈಗ ಭೂಮಿಯ ಬಿಸಿಗೂ ಒಂದು. ಮರವಿಲ್ಲದ ಅಂಗಳದಲ್ಲಿ ನೆತ್ತಿಯ ಬಿಸಿಲಿಗೆ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಬಲಗೈ ಮುಂದೆ ಚಾಚಿ, ಮ್ಯಾನೇಜರ್ ಓದಿದ್ದನ್ನು ನಾವು ಹೇಳಬೇಕು. ಅತಿಥಿಗಳು ಆಫೀಸಿನ ಪೋರ್ಟಿಕೋದಲ್ಲಿ ಎಳನೀರು ಹಿಡಿದು ನಿಂತಿದ್ದರು.

"ಭೂಮಿಯ ತಾಪ ಏರದಂತೆ ನೋಡಿಕೊಳ್ಳುವುದು ನನ್ನ ಕರ್ತವ್ಯ," ಎನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ಅಕ್ಕ ನನ್ನ ಭುಜಕ್ಕೆ ವಾಲಿದರು. ಮೈ ಕೆಂಡ. ಬೆವರೇ ಇರಲಿಲ್ಲ, ಅದಕ್ಕೇ ನನಗೆ ದಿಗಿಲಾಯಿತು.

"ಅಕ್ಕಾ, ಯಾರನ್ನಾದ್ರೂ ಕರೀಲಾ?" ಎಂದೆ.

"ಬ್ಯಾಡ ಕಣೆ. ಬಿಗಿಯಾಗಿ ಇಡ್ಕೊ. ಬಿದ್ರೆ ಮನೆಗೆ ಕಳುಸ್ಬುಡ್ತಾರೆ. ನಮ್ಮ ಯಜಮಾನ್ರು ಸತ್ತೋಯ್ತಾರೆ."

ಕೂಗಿದರೆ ಅಕ್ಕನ ಕೆಲಸ ಹೋಗುತ್ತದೆ, ಕೂಗದಿದ್ದರೆ ಅಕ್ಕನೇ ಹೋಗಬಹುದು. ನನಗೆ ಅಳು ಬಂತು, ಎಲ್ಲರ ಮೇಲೂ ರೋಷ ಬಂತು. ಆದರೂ ಎಡಗೈಯಿಂದ ಅಕ್ಕನ ಸೊಂಟ ಬಳಸಿ ಹಿಡಿದು, ಬಲಗೈ ಚಾಚಿಕೊಂಡೇ ಪ್ರತಿಜ್ಞೆಯನ್ನು ಕೊನೆಯವರೆಗೂ ಹೇಳಿದೆ. ಅಕ್ಕನ ಕೈಯೂ ಕೆಳಗಿಳಿಯಲಿಲ್ಲ.

ಆ ಪ್ರತಿಜ್ಞೆಯ ಫೋಟೋ ಚೆನ್ನಾಗಿ ಬಂದಿದೆಯಂತೆ. ಅದನ್ನು ದೊಡ್ಡದು ಮಾಡಿಸಿ ರಿಸೆಪ್ಷನ್ನಿನಲ್ಲಿ ಹಾಕಿದ್ದಾರೆ, ಆ ಕಂಪನಿಯವರೂ ತಮ್ಮ ದೇಶದಲ್ಲಿ ತೋರಿಸಿದರಂತೆ. ಅವತ್ತು ನಲ್ಲಿಯಡಿ ತಲೆಯೊಡ್ಡಿ ಸುಧಾರಿಸಿಕೊಂಡ ಅಕ್ಕ ಆ ಬೇಸಿಗೆಯನ್ನು ದಾಟಿದರು. ಮುಂದಿನದು ಇನ್ನೂ ಬಿಸಿಯಂತೆ. ಈಗಲೇ ಅವರು ಊಟದ ಹೊತ್ತಿನಲ್ಲಿ ಕಣ್ಣು ಮುಚ್ಚಿ ಒಂದೇ ಕಾಲ ಮೇಲೆ ನಿಂತು, ಬೀಳದೆ ನಿಲ್ಲುವುದನ್ನು ಅಭ್ಯಾಸ ಮಾಡುತ್ತಿದ್ದಾರೆ.